ಆಸ್ಪತ್ರೆಯಲ್ಲಿ ರೋಗಿಯ ಜೊತೆ ಇರುವವರಿಗೆ: ಔಷಧಕ್ಕೆ ಬಗ್ಗದ ಸೋಂಕನ್ನು ಹಾಸಿಗೆಯಿಂದ ದೂರ ಇಡುವ ಬಗೆ

ಐಸಿಯು ಬಾಗಿಲಲ್ಲಿ ಎಲ್ಲರ ಚಪ್ಪಲಿ ಬಿಚ್ಚಿಸುತ್ತಾರೆ. ಕೆಲವು ಕಡೆ ನೀಲಿ ಪ್ಲಾಸ್ಟಿಕ್ಕಿನ ಕಾಲುಚೀಲ ಕೊಡುತ್ತಾರೆ. ಆ ಚೀಲ ಏರಿಸಿಕೊಳ್ಳಲು ಬಗ್ಗುತ್ತೇವೆ, ಕೈ ಪಾದಕ್ಕೆ ತಾಗುತ್ತದೆ, ಒಂದು ಕೈ ಗೋಡೆಗೆ ಊರುತ್ತದೆ. ಅದೇ ಕೈಯಲ್ಲಿ ಒಳಗೆ ಹೋಗಿ ರೋಗಿಯ ಹಣೆ ಸವರುತ್ತೇವೆ. ವಾರ್ಡಿನಲ್ಲಿ ವರ್ಷಗಟ್ಟಲೆ ಸಿಸ್ಟರ್ ಆಗಿದ್ದು, ಆಮೇಲೆ ಸೋಂಕು ನಿಯಂತ್ರಣದ ಕೆಲಸಕ್ಕೆ ಬಂದ ನಾನು ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕಾಲಿಗೆ ಇಷ್ಟೊಂದು ಮಡಿ, ಕೈಗೆ ಏನೂ ಇಲ್ಲ. ಸೋಂಕು ಹೆಚ್ಚಾಗಿ ಬರುವುದು ಕೈಯಲ್ಲಿ.

ನಮ್ಮ ಕಡೆ ರೋಗಿ ಒಬ್ಬರೇ ಅಡ್ಮಿಟ್ ಆಗುವುದಿಲ್ಲ, ಜೊತೆಗೆ ಮನೆಯವರೂ ಆಗುತ್ತಾರೆ. ಊಟ ಮಾಡಿಸುವುದು, ಮೈ ಒರೆಸುವುದು, ಮಗ್ಗುಲು ತಿರುಗಿಸುವುದು, ಬೆಡ್‌ಪ್ಯಾನ್ ಇಡುವುದು, ರಕ್ತದ ಬಾಟಲಿ ಹಿಡಿದು ಲ್ಯಾಬಿಗೆ ಓಡುವುದು, ಇದರಲ್ಲಿ ಅರ್ಧ ಮಾಡುವವರು ಅಟೆಂಡರ್ ಆಗಿ ನಿಂತ ಮಗಳೋ ತಮ್ಮನೋ ಭಾವನೋ. ಸೋಂಕು ತಡೆಯುವ ತರಬೇತಿ ಮಾತ್ರ ಸಿಬ್ಬಂದಿಗೆ. ಆದ್ದರಿಂದ ಇದನ್ನು ಅಟೆಂಡರ್ ಆಗಿ ನಿಲ್ಲುವವರಿಗೆಂದೇ ಬರೆದಿದ್ದೇನೆ. ಡಾಕ್ಟರ ಕೆಲಸ ನೀವು ಮಾಡಬೇಕಿಲ್ಲ. ಕಣ್ಣಿಟ್ಟು ನೋಡುವುದು, ಸರಿಯಾದ ಹೊತ್ತಿಗೆ ಸರಿಯಾದ ಪ್ರಶ್ನೆ ಕೇಳುವುದು, ನಿಮ್ಮ ಕೈ ನೀವು ಕಾಯುವುದು, ಇಷ್ಟು ಸಾಕು.

ಮೊದಲು, ಇದು ಏನು ಅಂತ

"ನನ್ನ ಬಾಡಿಗೆ ಆ ಮಾತ್ರೆ ಹಿಡಿಯಲ್ಲ ಸಿಸ್ಟರ್" ಅನ್ನುವವರು ತುಂಬ ಜನ. ಮಾತ್ರೆಗೆ ಒಗ್ಗಿಕೊಂಡದ್ದು ನಿಮ್ಮ ದೇಹ ಅಲ್ಲ, ನಿಮ್ಮೊಳಗಿನ ಬ್ಯಾಕ್ಟೀರಿಯಾ. ಅನುಕೂಲ ಸಿಕ್ಕರೆ ಇ. ಕೋಲೈ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಆ್ಯಂಟಿಬಯೋಟಿಕ್ ಬಿದ್ದಾಗ ಬಡಪಾಯಿಗಳು ಸಾಯುತ್ತವೆ, ತಡೆದುಕೊಂಡವು ಉಳಿದು ಜಾಗವೆಲ್ಲ ತುಂಬಿಕೊಳ್ಳುತ್ತವೆ. ತಡೆದುಕೊಳ್ಳುವ ಆ ಗುಣ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿಗೂ ದಾಟುತ್ತದೆ, ನೆರೆಮನೆಗೆ ಹೆಪ್ಪು ಕೊಟ್ಟ ಹಾಗೆ.

ಆಸ್ಪತ್ರೆಯಲ್ಲಿ ನಿಮ್ಮ ಕಿವಿಗೆ ಬೀಳುವ ಹೆಸರುಗಳು ಐದಾರು. ಕ್ಲೆಬ್ಸಿಯೆಲ್ಲಾ ಮತ್ತು ಇ. ಕೋಲೈ ಕರುಳಿನ ವಾಸಿಗಳು. ಮೂತ್ರ, ರಕ್ತ, ಶ್ವಾಸಕೋಶಕ್ಕೆ ದಾಟಿದರೆ ಕಷ್ಟ. ಸ್ಯೂಡೊಮೊನಾಸ್‌ಗೆ ನೀರು ಪ್ರಿಯ, ಸಿಂಕು ನಲ್ಲಿಗಳ ಹತ್ತಿರ ಇರುತ್ತದೆ. ಎಂಆರ್‌ಎಸ್‌ಎ ಅನ್ನುವುದು ಚರ್ಮ ಮತ್ತು ಮೂಗಿನಲ್ಲಿರುವ ಸ್ಟೆಫೈಲೊಕಾಕಸ್‌ನ ಹಟಮಾರಿ ರೂಪ. ನನಗೆ ಹೆಚ್ಚು ಭಯ ಇರುವುದು ಅಸಿನೆಟೊಬ್ಯಾಕ್ಟರ್ ಕಂಡರೆ. ಮಂಚದ ಕಂಬಿ, ಮಾನಿಟರ್ ಗುಂಡಿ, ಪರದೆ ಬಟ್ಟೆಯಂಥ ಒಣ ಜಾಗದಲ್ಲೂ ವಾರಗಟ್ಟಲೆ ಬದುಕಿರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2013ರಿಂದ ದೊಡ್ಡ ಆಸ್ಪತ್ರೆಗಳ ಲ್ಯಾಬುಗಳ ಲೆಕ್ಕ ಇಡುತ್ತಿದೆ. ಅದರ ವರದಿಗಳ ಪ್ರಕಾರ 2017ರಲ್ಲಿ ನೂರಕ್ಕೆ ಸುಮಾರು 80 ಇ. ಕೋಲೈಗಳು ಇಮಿಪೆನೆಮ್ ಎಂಬ ಪ್ರಬಲ ಔಷಧಕ್ಕೆ ಬಗ್ಗುತ್ತಿದ್ದವು. 2022ರ ಹೊತ್ತಿಗೆ ಮೂರರಲ್ಲಿ ಎರಡು ಪಾಲು ಮಾತ್ರ. ಅಸಿನೆಟೊಬ್ಯಾಕ್ಟರ್‌ನಲ್ಲಂತೂ ಹತ್ತಕ್ಕೆ ಹತ್ತಿರ ಹತ್ತಿರ ಒಂಬತ್ತು ಆ ವರ್ಗದ ಔಷಧಕ್ಕೆ ಜಗ್ಗುವುದಿಲ್ಲ. ಇದು ಅತಿ ಗಂಭೀರ ರೋಗಿಗಳು ಬಂದು ಸೇರುವ ದೊಡ್ಡ ಆಸ್ಪತ್ರೆಗಳ ಲೆಕ್ಕ ಅನ್ನುವುದು ನೆನಪಿರಲಿ. ನಿಮ್ಮ ಊರಿನ ಎಲ್ಲ ಕೆಮ್ಮು ಜ್ವರಕ್ಕೂ ಇದನ್ನು ಹಚ್ಚಬೇಡಿ.

ಹಂತ 1: ಅಡ್ಮಿಟ್ ಆಗುವ ಮುಂಚೆ

ತುರ್ತು ಇಲ್ಲದ ಆಪರೇಷನ್ ಆದರೆ ನಿಮ್ಮ ಕೈಯಲ್ಲಿ ಒಂದಿಷ್ಟು ದಿನ ಇರುತ್ತದೆ. ಮೊದಲು ಶುಗರ್ ಹತೋಟಿಗೆ ತನ್ನಿ. ಶುಗರ್ ಏರಿದ್ದರೆ ಗಾಯ ಮಾಯುವುದೂ ತಡ, ಕೀವಾಗುವುದೂ ಬೇಗ. ಬೀಡಿ ಸಿಗರೇಟು ನಿಲ್ಲಿಸಲಿ. ಹಿಂದಿನ ಮೂರು ತಿಂಗಳಲ್ಲಿ ತಗೊಂಡ ಆ್ಯಂಟಿಬಯೋಟಿಕ್‌ಗಳ ಖಾಲಿ ಶೀಟುಗಳನ್ನು, ಮೆಡಿಕಲ್ ಶಾಪಿನವರು ಸುಮ್ಮನೆ ಕೊಟ್ಟದ್ದೂ ಸೇರಿ, ಒಂದು ಕವರಿಗೆ ಹಾಕಿ ತನ್ನಿ. ಹಿಂದೆ ಯಾವುದಾದರೂ ಐಸಿಯುನಲ್ಲಿ ಇದ್ದರೆ, ಕಲ್ಚರ್ (ರಕ್ತ, ಮೂತ್ರದಂಥವುಗಳಲ್ಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟಿನಲ್ಲಿ ಹಟಮಾರಿ ಬ್ಯಾಕ್ಟೀರಿಯಾ ಬಂದಿದ್ದರೆ ಕೇಳದಿದ್ದರೂ ಹೇಳಿ. ಮುಚ್ಚಿಟ್ಟರೆ ಮೊದಲ ಎರಡು ಮೂರು ದಿನ ತಪ್ಪು ಔಷಧದಲ್ಲಿ ಕಳೆದುಹೋಗಬಹುದು.

ಆಪರೇಷನ್ ಜಾಗದ ಕೂದಲನ್ನು ಮನೆಯಲ್ಲೇ ಬ್ಲೇಡಿನಿಂದ ಬೋಳಿಸಿಕೊಂಡು ಬರುವುದು ನಮ್ಮವರ ಅಭ್ಯಾಸ. ಬೇಡ. ಬ್ಲೇಡು ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರು ಬಿಡುತ್ತದೆ, ಬ್ಯಾಕ್ಟೀರಿಯಾ ಅಲ್ಲಿ ಮನೆ ಮಾಡುತ್ತದೆ. ತೆಗೆಯಲೇಬೇಕು ಅಂತಿದ್ದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರ್‌ನಿಂದ ತೆಗೆಯುತ್ತಾರೆ. ಹಿಂದಿನ ರಾತ್ರಿ ಅಥವಾ ಬೆಳಗ್ಗೆ ಸೋಪು ಹಚ್ಚಿ ಸ್ನಾನ ಮಾಡಿಕೊಂಡು ಬಂದರೆ ಸಾಕು.

ಆಸ್ಪತ್ರೆ ಆರಿಸುವ ಅವಕಾಶ ಇದ್ದರೆ ಲಾಬಿಯ ಗ್ರಾನೈಟು ನೋಡಬೇಡಿ. ವಾರ್ಡಿಗೆ ಹೋಗಿ ಮಂಚದ ಪಕ್ಕದ ಸ್ಯಾನಿಟೈಸರ್ ಬಾಟಲಿ ಒತ್ತಿ ನೋಡಿ. ದ್ರವ ಬಂದರೆ ಒಳ್ಳೆಯದು. ಪಂಪು ಒಣಗಿ ಕಿರ್ ಅಂದರೆ ಅದನ್ನು ಯಾರೂ ಬಳಸುತ್ತಿಲ್ಲ ಅಂತ ಅರ್ಥ. "ಸೋಂಕು ನಿಯಂತ್ರಣ ನೋಡ್ಕೊಳ್ಳೋಕೆ ಅಂತ ಸಿಸ್ಟರ್ ಇದ್ದಾರಾ? ಕಲ್ಚರ್ ಇಲ್ಲೇ ಮಾಡ್ತೀರಾ, ಹೊರಗೆ ಕಳಿಸ್ತೀರಾ?" ಅಂತ ಎರಡು ಪ್ರಶ್ನೆ ಕೇಳಿ. ಉತ್ತರಕ್ಕಿಂತ ಆ ಪ್ರಶ್ನೆಗೆ ಅವರ ಮುಖ ಹೇಗಾಗುತ್ತದೆ ಅನ್ನುವುದೇ ಹೆಚ್ಚು ಹೇಳುತ್ತದೆ.

ಹಂತ 2: ಕೈ

1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮೆಲ್‌ವೀಸ್ ಎಂಬ ವೈದ್ಯ, ಶವ ಕೊಯ್ದು ಬರುತ್ತಿದ್ದ ಡಾಕ್ಟರುಗಳ ಕೈಯನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆಸಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ 2ರ ಆಸುಪಾಸಿಗೆ ಇಳಿಯಿತು. ಬ್ಯಾಕ್ಟೀರಿಯಾ ರೋಗ ತರುತ್ತದೆ ಅಂತ ಆಗ ಸಾಬೀತೇ ಆಗಿರಲಿಲ್ಲ. ಸಹೋದ್ಯೋಗಿಗಳು ಅವನನ್ನು ನಂಬಲಿಲ್ಲ, ಅದು ಬೇರೆ ಕತೆ.

ಕೈ ಉಜ್ಜುವ ಮುಂಚೆ ಉಂಗುರ, ವಾಚು, ಬಳೆ ತೆಗೆಯಿರಿ. ಮುತ್ತೈದೆಯರು ಬಳೆ ತೆಗೆಯಲು ಒಪ್ಪುವುದಿಲ್ಲ, ಗೊತ್ತು. ಹಾಗಿದ್ದರೆ ಮೊಣಕೈವರೆಗೆ ಸರಿಸಿಕೊಳ್ಳಿ, ಕೆಳಗಿನ ಮಣಿಕಟ್ಟು ಉಜ್ಜಲು ಸಿಗಬೇಕು. ಅಂಗೈ ತುಂಬ ಸ್ಯಾನಿಟೈಸರ್ ತಗೊಂಡು ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರ ತುದಿ ಹೀಗೆ 20ರಿಂದ 30 ಸೆಕೆಂಡು, ತಾನಾಗಿ ಒಣಗುವವರೆಗೆ ಉಜ್ಜಿ. ಸೀರೆಗೆ ಒರೆಸಬೇಡಿ. ಹೆಚ್ಚಿನವರು ಬಿಡುವುದು ಹೆಬ್ಬೆರಳನ್ನು. ಕೈ ಕೊಳೆಯಾಗಿ ಕಾಣುತ್ತಿದ್ದರೆ, ಬೆಡ್‌ಪ್ಯಾನ್ ಮುಟ್ಟಿದ್ದರೆ, ರೋಗಿಗೆ ಭೇದಿ ಇದ್ದರೆ ಸ್ಯಾನಿಟೈಸರ್ ಸಾಲದು. ಸೋಪು ನೀರಿನಲ್ಲಿ 40ರಿಂದ 60 ಸೆಕೆಂಡು ತೊಳೆಯಬೇಕು. ಆ್ಯಂಟಿಬಯೋಟಿಕ್ ನಂತರ ಭೇದಿ ತರುವ ಕ್ಲಾಸ್ಟ್ರಿಡಿಯಂ ಡಿಫಿಸೀಲ್‌ನ ಬೀಜಕಗಳು ಆಲ್ಕೋಹಾಲಿಗೆ ಸಾಯುವುದಿಲ್ಲ, ನೀರಿನಲ್ಲಿ ಕೊಚ್ಚಿಹೋಗಬೇಕು.

ಯಾವಾಗ? ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ. ಊಟ ಮಾಡಿಸುವ ಮುಂಚೆ. ಮೂತ್ರ, ಕಫ, ಗಾಯದ ಬಟ್ಟೆ ಮುಟ್ಟಿದ ಮೇಲೆ. ಮಂಚದ ಕಂಬಿ, ಟೇಬಲ್ಲು ಮುಟ್ಟಿ ಹೊರಗೆ ಹೋಗುವಾಗ. ಮತ್ತೆ, ಕೈ ತೊಳೆದು ಫೋನು ಎತ್ತಿದರೆ ತೊಳೆದದ್ದು ವ್ಯರ್ಥ. ಮಂಚದ ಪಕ್ಕ ಇರುವಷ್ಟು ಹೊತ್ತು ಫೋನು ಜೇಬಿನಲ್ಲೇ ಇರಲಿ.

ಗ್ಲೌಸ್ ವಿಷಯ ಒಂದು ಮಾತು. ಗ್ಲೌಸ್ ಹಾಕಿದವರು ತಮ್ಮ ಕೈ ಶುದ್ಧ ಅಂದುಕೊಳ್ಳುತ್ತಾರೆ. ಅದೇ ಗ್ಲೌಸಿನಲ್ಲಿ ಒಂದು ಬೆಡ್‌ನಿಂದ ಇನ್ನೊಂದಕ್ಕೆ ಹೋದರೆ ಬರಿಗೈಗಿಂತ ಕಡೆ, ಯಾಕೆಂದರೆ ಬರಿಗೈ ಅಂಟಿದರೆ ತೊಳೆಯಬೇಕು ಅನ್ನಿಸುತ್ತದೆ, ಗ್ಲೌಸ್ ಕೈಗೆ ಅನ್ನಿಸುವುದಿಲ್ಲ.

ಸಿಬ್ಬಂದಿ ಕೈ ಉಜ್ಜದೆ ಬಂದರೆ ಹೇಗೆ ಹೇಳುವುದು? ಇದೇ ಎಲ್ಲರಿಗೂ ಇರುವ ಮುಜುಗರ. ಜಗಳದ ದನಿ ಬೇಡ. "ಸಿಸ್ಟರ್, ತಪ್ಪು ತಿಳ್ಕೋಬೇಡಿ, ಕೈಗೆ ಸ್ವಲ್ಪ ಸ್ಯಾನಿಟೈಸರ್ ಹಾಕ್ಕೊಂಡು ಬಿಡ್ತೀರಾ? ಅಪ್ಪಂಗೆ ಶುಗರ್ ಬೇರೆ ಇದೆ, ನಮಗೆ ಭಯ" ಅಂದರೆ ಮುಖ ಗಂಟಿಕ್ಕಿದರೂ ಉಜ್ಜುತ್ತಾರೆ. ನನಗೂ ಒಬ್ಬ ಹುಡುಗಿ ಹೀಗೆ ಹೇಳಿದ್ದಳು, ಮೊದಲ ಗಳಿಗೆ ಸಿಟ್ಟೇ ಬಂತು. ರಾತ್ರಿ ಪಾಳಿಯಲ್ಲಿ ವಾರ್ಡ್ ತುಂಬ ರೋಗಿಗಳು, ಒಬ್ಬಳೇ ಸಿಸ್ಟರ್, ಪ್ರತಿ ಸಲ ಉಜ್ಜುವಷ್ಟು ಪುರುಸೊತ್ತು ನಿಜವಾಗಿಯೂ ಇರುವುದಿಲ್ಲ. ಆದರೂ ಅವಳು ಕೇಳಿದ್ದು ಸರಿಯೇ.

ಹಂತ 3: ಹಾಸಿಗೆಯ ಸುತ್ತ

ಮಾದಪ್ಪನ ಬೆಟ್ಟದ ದಾರ, ಧರ್ಮಸ್ಥಳದ ಗಂಧ, ದರ್ಗಾದ ತಾಯಿತ, ಎಲ್ಲವೂ ವಾರ್ಡಿಗೆ ಬರುತ್ತವೆ. ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ. ಒಮ್ಮೆ ಒಬ್ಬ ಅಜ್ಜನ ಮಣಿಕಟ್ಟಿನಲ್ಲಿ ಕಟ್ಟಿದ್ದ ದಾರ ರಕ್ತ, ಬೆವರು, ಡ್ರಿಪ್ಪಿನ ನೀರಿನಲ್ಲಿ ನೆಂದು ಕಪ್ಪಾಗಿತ್ತು; ಸರಿಯಾಗಿ ಅದರ ಕೆಳಗೇ ಸೂಜಿ ಚುಚ್ಚಿದ ಜಾಗ. ಕತ್ತರಿ ಹಿಡಿದರೆ ಮನೆಯವರು ಅತ್ತರು. ಕೊನೆಗೆ ಅಜ್ಜಿಯೇ ಬಿಚ್ಚಿ, ಅದನ್ನು ಕಾಗದದಲ್ಲಿ ಸುತ್ತಿ, ದಿಂಬಿನ ಪಕ್ಕದ ಡಬ್ಬಿಯಲ್ಲಿ ಇಟ್ಟರು. ದಾರ ಹತ್ತಿರವೇ ಇದ್ದಂತಾಯಿತು, ಕೈಯೂ ಸ್ವಚ್ಛವಾಯಿತು. ನೀವೂ ಹಾಗೇ ಮಾಡಿ. ಐಸಿಯು ರೋಗಿಯ ಬಾಯಿಗೆ ತೀರ್ಥ, ಗಾಯದ ಹತ್ತಿರ ವಿಭೂತಿ ಮಾತ್ರ ಬೇಡವೇ ಬೇಡ.

ಮಗ್, ಟವೆಲ್, ಬಾಚಣಿಗೆ, ಬೆಡ್‌ಪ್ಯಾನ್ ಪಕ್ಕದ ಬೆಡ್‌ನವರ ಜೊತೆ ಹಂಚಿಕೊಳ್ಳಬೇಡಿ. ಜನರಲ್ ವಾರ್ಡಿನಲ್ಲಿ ಪಕ್ಕದ ಅಜ್ಜಿಗೆ ನೀರು ಕುಡಿಸುವುದು, ಎತ್ತಿ ಕೂರಿಸುವುದು ನಮ್ಮ ಜನರ ದೊಡ್ಡ ಗುಣ. ಮಾಡಿ, ನಡುವೆ ಕೈ ಉಜ್ಜಿಕೊಂಡು ಮಾಡಿ. ಮಂಚದ ಕಂಬಿ, ಟೇಬಲ್ಲು, ಕರೆಗಂಟೆಯ ಗುಂಡಿಯನ್ನು ದಿನಕ್ಕೊಮ್ಮೆಯಾದರೂ ಸೋಂಕುನಾಶಕದಿಂದ ಒರೆಸಬೇಕು. ಒರೆಸದಿದ್ದರೆ ಹೌಸ್‌ಕೀಪಿಂಗ್‌ನವರನ್ನು ಕೇಳಿ. ರೋಗಿಯ ಹಾಸಿಗೆಯ ಮೇಲೆ ಕೂರಬೇಡಿ. ನೋಡಲು ಬರುವ ನೆಂಟರನ್ನು ಕಡಿಮೆ ಮಾಡಿ. ಹಣ್ಣಿನ ಬುಟ್ಟಿ ಹಿಡಿದು ಹತ್ತು ಜನ ಬಂದು, ಹತ್ತು ಜನರೂ ಕೈ ಹಿಡಿದು ಮಾತಾಡಿಸಿದರೆ ರೋಗಿಗೆ ಆಗುವ ಉಪಕಾರ ಏನು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹಂತ 4: ಪೈಪುಗಳು

ಇದನ್ನು ನಿಧಾನವಾಗಿ ಓದಿ. ಚರ್ಮ ಒಂದು ಕೋಟೆ. ದೇಹದೊಳಗೆ ಹೋಗುವ ಪ್ರತಿ ಪೈಪೂ ಆ ಕೋಟೆಗೆ ಕೊರೆದ ಕಿಂಡಿ. ಕಿಂಡಿ ಬೇಕಾದಾಗ ಕೊರೆಯಲೇಬೇಕು, ಬೇಡವಾದ ದಿನವೇ ಮುಚ್ಚಬೇಕು. ಆಸ್ಪತ್ರೆಯ ಗಡಿಬಿಡಿಯಲ್ಲಿ ಹಾಕುವುದು ನೆನಪಿರುತ್ತದೆ, ತೆಗೆಯುವುದು ಮರೆತುಹೋಗುತ್ತದೆ. ಆದ್ದರಿಂದ ಬೆಳಗಿನ ರೌಂಡ್ಸ್‌ನಲ್ಲಿ ನೀವು ಒಂದೇ ಒಂದು ಪ್ರಶ್ನೆ ಕೇಳುವುದಾದರೆ ಇದನ್ನು ಕೇಳಿ: "ಡಾಕ್ಟರೇ, ಈ ಪೈಪ್ ಇವತ್ತೂ ಬೇಕಾ?"

ಡ್ರಿಪ್ಪಿನ ಸೂಜಿ: ಪ್ಲಾಸ್ಟರ್ ಮೇಲೆ ಹಾಕಿದ ದಿನಾಂಕ ಬರೆದಿರಬೇಕು, ಇಲ್ಲದಿದ್ದರೆ ಬರೆಸಿ. ಸುತ್ತ ಕೆಂಪು, ನೋವು, ಊತ, ರಕ್ತನಾಳದುದ್ದಕ್ಕೂ ದಾರದಂತೆ ಗಟ್ಟಿಯಾಗಿರುವುದು ಕಂಡರೆ ತಕ್ಷಣ ತೋರಿಸಿ. ಡ್ರಿಪ್ಪು ನಿಂತು, ಇಂಜೆಕ್ಷನ್ ಎಲ್ಲ ಮಾತ್ರೆಗೆ ಬದಲಾದ ಮೇಲೂ "ಇರಲಿ, ಬೇಕಾಗಬಹುದು" ಅಂತ ಬಿಟ್ಟ ಸೂಜಿಯೇ ಎಷ್ಟೋ ಸಲ ಜ್ವರದ ಮೂಲ.

ಸೆಂಟ್ರಲ್ ಲೈನ್: ಕುತ್ತಿಗೆ ಅಥವಾ ತೊಡೆಯಲ್ಲಿ ಹಾಕುವ ದೊಡ್ಡ ಲೈನು. ಇಲ್ಲಿ ಸೋಂಕಾದರೆ ನೇರ ರಕ್ತಕ್ಕೇ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯ ಮತ್ತು ಸಂಗಡಿಗರು ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಐದೇ ಐದು ಕೆಲಸ ಕಡ್ಡಾಯ ಮಾಡಿದರು. ಕೈ ತೊಳೆಯುವುದು, ಹಾಕುವಾಗ ರೋಗಿಯ ಮೈ ಪೂರ್ತಿ ಸ್ಟೆರೈಲ್ ಬಟ್ಟೆ ಹೊದಿಸುವುದು, ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕದಿಂದ ಚರ್ಮ ಒರೆಸುವುದು, ಸಾಧ್ಯವಾದಷ್ಟು ತೊಡೆ ಬಿಡುವುದು, ಬೇಡವಾದ ಲೈನು ತೆಗೆಯುವುದು. ಜೊತೆಗೆ, ಹಂತ ತಪ್ಪಿದರೆ ಡಾಕ್ಟರನ್ನು ತಡೆಯುವ ಅಧಿಕಾರ ನರ್ಸಿಗೆ. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸಾವಿರ ಲೈನ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನು ಇದ್ದರೆ ಒಂದು ಲೈನ್ ದಿನ) 2.7 ಇದ್ದ ಸೋಂಕಿನ ಮಧ್ಯಾಂಕ ಮೂರು ತಿಂಗಳಲ್ಲಿ ಸೊನ್ನೆಗೆ ಇಳಿದಿತ್ತು. ಹೊಸ ಔಷಧ ಇಲ್ಲ, ಹೊಸ ಯಂತ್ರ ಇಲ್ಲ, ಆ ಐದು ಕೆಲಸ ಬರೆದ ಒಂದು ಹಾಳೆ ಕಾಗದ. ನೀವು ಗಮನಿಸಬೇಕಾದದ್ದು: ಲೈನಿಗೆ ಔಷಧ ಕೊಡುವ ಮುಂಚೆ ಅದರ ಮುಚ್ಚಳದ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಹತ್ತು ಹದಿನೈದು ಸೆಕೆಂಡು ಉಜ್ಜುತ್ತಾರಾ, ಅಂಟಿಸಿದ ಡ್ರೆಸ್ಸಿಂಗ್ ಒದ್ದೆಯಾಗಿ ಎದ್ದಿದೆಯಾ.

ಯೂರಿನ್ ಪೈಪ್: ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ. ಸರ್ಕಾರಿ ವಾರ್ಡುಗಳಲ್ಲಿ ಮಂಚದ ಕೆಳಗೇ ಚಾಪೆ ಹಾಸಿ ಮಲಗುವ ಅಟೆಂಡರ್‌ಗಳ ತಲೆಯ ಪಕ್ಕದಲ್ಲೇ ಬ್ಯಾಗು ತೂಗುತ್ತಿರುತ್ತದೆ, ನಿದ್ದೆಯಲ್ಲಿ ಕೈ ತಾಗಿ ಎಳೆದುಹೋಗುತ್ತದೆ; ಆ ಬದಿ ಮಲಗಬೇಡಿ. ಎಲ್ಲರೂ ಮಾಡುವ ಇನ್ನೊಂದು ತಪ್ಪು ಸ್ಕ್ಯಾನಿಂಗಿಗೆ ಕರೆದೊಯ್ಯುವಾಗ. ಸ್ಟ್ರೆಚರ್ ಮೇಲೆ ಎತ್ತಿ ಹಾಕಿದ ಕೂಡಲೇ ಬ್ಯಾಗನ್ನು ರೋಗಿಯ ಹೊಟ್ಟೆಯ ಮೇಲೆ ಇಡುತ್ತಾರೆ. ಪೈಪಿನಲ್ಲಿ ನಿಂತ ಹಳೆಯ ಮೂತ್ರ ವಾಪಸ್ ಮೂತ್ರಕೋಶಕ್ಕೆ ಇಳಿಯುತ್ತದೆ. ಹೊರಡುವ ಮುಂಚೆ ಬ್ಯಾಗ್ ಖಾಲಿ ಮಾಡಿಸಿ, ದಾರಿಯುದ್ದಕ್ಕೂ ಕೆಳಮಟ್ಟದಲ್ಲಿ ಹಿಡಿಯಿರಿ. ಖಾಲಿ ಮಾಡುವಾಗ ಕೊಳವೆಯ ತುದಿ ಜಗ್ಗಿಗೆ ತಾಗಬಾರದು, ಒಬ್ಬೊಬ್ಬ ರೋಗಿಗೂ ಬೇರೆ ಜಗ್. ಪೈಪು ಮತ್ತು ಬ್ಯಾಗಿನ ಜೋಡಣೆ ಬಿಚ್ಚಲೇಬೇಡಿ. "ಹಾಸಿಗೆ ಒದ್ದೆಯಾಗಲ್ಲ, ನಮಗೂ ಅನುಕೂಲ" ಅಂತ ಪೈಪು ಉಳಿಸಿಕೊಳ್ಳಲು ಮನೆಯವರೇ ಕೇಳುವುದುಂಟು. ಆ ಅನುಕೂಲಕ್ಕೆ ಬೆಲೆ ಇದೆ. ದಿನ ಹೆಚ್ಚಿದಷ್ಟೂ ಸೋಂಕಿನ ಸಂಭವ ಏರುತ್ತಲೇ ಹೋಗುತ್ತದೆ.

ವೆಂಟಿಲೇಟರ್: ವೈದ್ಯರು ಬೇಡ ಅನ್ನದಿದ್ದರೆ ತಲೆಯ ಕಡೆ ಮಂಚ 30ರಿಂದ 45 ಡಿಗ್ರಿ ಎತ್ತಿರಬೇಕು. ಮೂಗಿನ ಪೈಪಿನಲ್ಲಿ ಆಹಾರ ಕೊಟ್ಟ ಮೇಲೆ ಚಪ್ಪಟೆ ಮಲಗಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಬಾಯಿ, ಹಲ್ಲು ಸ್ವಚ್ಛ ಮಾಡುತ್ತಿದ್ದಾರಾ ಕೇಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ನೀವೇ ನೆನಪಿಸಿ. ಬೆನ್ನುಹುಣ್ಣಾದರೆ ಅದೂ ಇನ್ನೊಂದು ಕಿಂಡಿ.

ಹಂತ 5: ಜ್ವರ ಬಂದಾಗ

ಆಸ್ಪತ್ರೆಗೆ ಸೇರಿ ಎರಡು ದಿನದ ಮೇಲೆ ಹೊಸದಾಗಿ ಚಳಿಜ್ವರ, ಗೊಂದಲದ ಮಾತು, ಮೂತ್ರ ಕಡಿಮೆಯಾಗುವುದು, ಉಸಿರಿನ ವೇಗ ಏರುವುದು, ಗಾಯದಿಂದ ಕೀವು, ಇವು ಕಂಡರೆ ರೌಂಡ್ಸ್‌ಗೆ ಕಾಯಬೇಡಿ, ಡ್ಯೂಟಿ ಡಾಕ್ಟರಿಗೆ ಹೇಳಿ. ವಯಸ್ಸಾದವರಿಗೆ ಜ್ವರವೇ ಬರದೆ ಬರೀ ಮಂಕು ಕವಿಯಬಹುದು. "ಇವತ್ತು ಯಾಕೋ ಅಮ್ಮ ಅಮ್ಮನ ಹಾಗಿಲ್ಲ" ಅಂತ ನಿಮಗೆ ಅನ್ನಿಸಿದರೆ ಅದನ್ನೇ ಹೇಳಿ. ಮಾನಿಟರಿಗಿಂತ ಮೊದಲು ಮಗಳಿಗೆ ಗೊತ್ತಾದದ್ದನ್ನು ನಾನು ನೋಡಿದ್ದೇನೆ.

ಆ್ಯಂಟಿಬಯೋಟಿಕ್ ಶುರು ಮಾಡುವ ಅಥವಾ ಬದಲಿಸುವ ಮುಂಚೆ ಕಲ್ಚರ್‌ಗೆ ಕಳಿಸಿದ್ದಾರಾ ಕೇಳಿ. ಔಷಧ ಬಿದ್ದ ಮೇಲೆ ತೆಗೆದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು, ಆಮೇಲೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ರಕ್ತವನ್ನು ಎರಡು ಬೇರೆ ಜಾಗದಿಂದ, ಬಾಟಲಿಗೆ 8ರಿಂದ 10 ಮಿಲಿ ತೆಗೆಯುತ್ತಾರೆ. "ಇಷ್ಟೊಂದು ರಕ್ತ ಯಾಕೆ" ಅಂತ ತಕರಾರು ಮಾಡಬೇಡಿ, ಕಡಿಮೆಯಾದರೆ ಸೋಂಕು ಸಿಗುವುದೇ ಇಲ್ಲ. ಮೂತ್ರವನ್ನು ಬ್ಯಾಗಿನಿಂದ ತೆಗೆದರೆ ಆ ರಿಪೋರ್ಟಿಗೆ ಬೆಲೆ ಇಲ್ಲ. ಕಫ ಅಂದರೆ ಎದೆಯಿಂದ ಬಂದದ್ದು, ಉಗುಳು ಅಲ್ಲ. ಬಾಟಲಿ ನಿಮ್ಮ ಕೈಗೆ ಕೊಟ್ಟರೆ ನೇರ ಲ್ಯಾಬಿಗೆ ಹೋಗಿ, ಕ್ಯಾಂಟೀನ್ ಆಮೇಲೆ.

ರೋಗಿ ತೀರಾ ಗಂಭೀರವಾಗಿದ್ದರೆ ಮೊದಲ ಗಂಟೆಯಲ್ಲೇ ಔಷಧ ಬೀಳಬೇಕು, ರಿಪೋರ್ಟಿಗೆ ಕಾಯುವ ಹಾಗಿಲ್ಲ. ಆಗ ಊಹೆಯ ಮೇಲೆ ದೊಡ್ಡ ಔಷಧದಿಂದಲೇ ಶುರು ಮಾಡುವುದು ತಪ್ಪಲ್ಲ. ರಿಪೋರ್ಟು ಬಂದ ಮೇಲೂ ಅದೇ ಮುಂದುವರಿದರೆ ಯಾಕೆ ಅಂತ ಕೇಳಬೇಕು.

ಹಂತ 6: ಕಲ್ಚರ್ ರಿಪೋರ್ಟು ಓದುವುದು

48ರಿಂದ 72 ಗಂಟೆಗೆ ಬರುತ್ತದೆ. ಮೇಲ್ಗಡೆ ಬ್ಯಾಕ್ಟೀರಿಯಾದ ಹೆಸರು, ಕೆಳಗೆ ಔಷಧಗಳ ಪಟ್ಟಿ, ಎದುರಿಗೆ ಎಸ್, ಐ ಅಥವಾ ಆರ್. ಎಸ್ ಅಂದರೆ ಬಗ್ಗುತ್ತದೆ. ಆರ್ ಅಂದರೆ ಬಗ್ಗುವುದಿಲ್ಲ. ಐ ಅಂದರೆ ನಡುವಿನದ್ದು, ಡೋಸು ಹೆಚ್ಚಿಸಿದರೆ ಅಥವಾ ಔಷಧ ಸಾಂದ್ರವಾಗುವ ಜಾಗದಲ್ಲಿ ಕೆಲಸ ಮಾಡಬಹುದು. ಕೊಲಿಸ್ಟಿನ್ ಎಂಬ ಕೊನೆಯ ಸಾಲಿನ ಔಷಧದ ಎದುರಿಗೆ ಐ ಅಂತಿದ್ದರೆ ಗಾಬರಿ ಬೇಡ. ಅಮೆರಿಕದ ಪ್ರಮಾಣ ಪಾಲಿಸುವ ಲ್ಯಾಬುಗಳು 2020ರಿಂದ ಆ ಔಷಧಕ್ಕೆ ಎಸ್ ಅಂತ ಬರೆಯುವುದನ್ನೇ ಬಿಟ್ಟಿವೆ.

ಅಕ್ಷರದ ಪಕ್ಕ ಎಂಐಸಿ ಅನ್ನುವ ಅಂಕಿ ಇರುತ್ತದೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ. ಯಾವ ಔಷಧದ ಅಂಕಿ ಚಿಕ್ಕದೋ ಅದೇ ಉತ್ತಮ ಅಂತ ಅಳಿಯನೋ ಅಣ್ಣನ ಮಗನೋ ವಾಟ್ಸಾಪಿನಲ್ಲಿ ಹೇಳುತ್ತಾನೆ. ಅದು ತಪ್ಪು. ಒಂದು ಔಷಧದ 2 ಮತ್ತು ಇನ್ನೊಂದರ 0.5 ಒಂದೇ ತಕ್ಕಡಿಯ ತೂಕಗಳಲ್ಲ. ಪ್ರತಿ ಔಷಧಕ್ಕೂ ಅದರದ್ದೇ ಗಡಿ.

ಇನ್ನೂ ಮುಖ್ಯವಾದದ್ದು: ಬ್ಯಾಕ್ಟೀರಿಯಾ ಸಿಕ್ಕಿದೆ ಅಂದಮಾತ್ರಕ್ಕೆ ಸೋಂಕಾಗಿದೆ ಅಂತಲ್ಲ. ಹೊಲದ ಬದುವಿನಲ್ಲಿ ಹಾವು ಕಂಡಿತು ಅಂದರೆ ಕಚ್ಚಿತು ಅಂತಲ್ಲವಲ್ಲ. ಚರ್ಮ, ಗಂಟಲು, ಪೈಪಿನ ಮೇಲೆ ಸುಮ್ಮನೆ ಕೂತವೂ ಕಲ್ಚರಿನಲ್ಲಿ ಬೆಳೆಯುತ್ತವೆ. ಮೂತ್ರದಲ್ಲಿ ಬಂದಿದೆ, ಆದರೆ ಜ್ವರವಿಲ್ಲ ಉರಿಯಿಲ್ಲ ಅಂದರೆ, ಗರ್ಭಿಣಿಯರು ಮತ್ತು ಮೂತ್ರಮಾರ್ಗದ ಆಪರೇಷನ್ ಆಗಬೇಕಾದವರಂಥ ಕೆಲವರನ್ನು ಬಿಟ್ಟು ಮಿಕ್ಕವರಿಗೆ ಸಾಮಾನ್ಯವಾಗಿ ಔಷಧ ಬೇಕಿಲ್ಲ. "ರಿಪೋರ್ಟ್ ಪಾಸಿಟಿವ್ ಇದೆ, ಯಾಕೆ ಇಂಜೆಕ್ಷನ್ ಕೊಡ್ತಿಲ್ಲ" ಅಂತ ಮನೆಯವರು ಜಗಳ ತೆಗೆದು, ಡಾಕ್ಟರು ಬೇಸತ್ತು ಬರೆದುಕೊಟ್ಟದ್ದೂ ಇದೆ. ಆ ಜಗಳದಲ್ಲಿ ಗೆದ್ದದ್ದು ಬ್ಯಾಕ್ಟೀರಿಯಾ.

ರಿಪೋರ್ಟು ಕೈಯಲ್ಲಿ ಹಿಡಿದು ಕೇಳಬೇಕಾದದ್ದು: ಇದು ನಿಜವಾದ ಸೋಂಕಾ, ಸುಮ್ಮನೆ ಇರುವುದಾ? ಮೂಲ ಎಲ್ಲಿ, ಯಾವ ಪೈಪು, ಯಾವ ಕೀವು? ಅದನ್ನು ತೆಗೆಯಬಹುದಾ? ಇನ್ನು ಸಣ್ಣ ಔಷಧಕ್ಕೆ ಇಳಿಸಬಹುದಾ? ಯಾವ ದಿನ ನಿಲ್ಲಿಸುತ್ತೀರಿ? "ಹೈಯರ್ ಆ್ಯಂಟಿಬಯೋಟಿಕ್" ಇಂದ ಕೆಳಗಿನದಕ್ಕೆ ಇಳಿಸಿದರೆ ಡಾಕ್ಟರು ಕೈಬಿಟ್ಟರು ಅಂತ ತಿಳಿಯುವವರಿದ್ದಾರೆ. ಅದು ಗುರಿ ಸಿಕ್ಕಿದ ಲಕ್ಷಣ.

ಹಂತ 7: ದೊಡ್ಡ ಔಷಧ ಬರೆದಾಗ

ಇಮಿಪೆನೆಮ್ ವರ್ಗದ್ದೇ ಆದ ಮೆರೊಪೆನೆಮ್ ಸಾಮಾನ್ಯವಾಗಿ 8 ಗಂಟೆಗೊಮ್ಮೆ. ಒಂದು ಸಲಕ್ಕೆ ಒಂದು ವೈಲ್ (ಇಂಜೆಕ್ಷನ್ ಸೀಸೆ) ಅಂದರೂ ಏಳು ದಿನಕ್ಕೆ 21. ಕೈಯಲ್ಲಿ ಆರು ವೈಲ್‌ಗೆ ಮಾತ್ರ ದುಡ್ಡಿದ್ದರೆ ಮೊದಲ ದಿನವೇ ಹೇಳಿ, ಮೂರನೇ ದಿನ ಸದ್ದಿಲ್ಲದೆ ತರುವುದು ನಿಲ್ಲಿಸಬೇಡಿ. ಜೆನೆರಿಕ್ ಇದೆಯಾ, ಆಸ್ಪತ್ರೆಯ ಸ್ಟಾಕ್‌ನಲ್ಲಿ ಸಿಗುತ್ತದಾ, ವಿಮೆ ಅಥವಾ ಸರ್ಕಾರಿ ಯೋಜನೆಯಲ್ಲಿ ಬರುತ್ತದಾ ಕೇಳುವುದಕ್ಕೆ ನಾಚಿಕೆ ಬೇಡ. ಡೋಸು ಬಿದ್ದ ಸಮಯ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಕೊಲಿಸ್ಟಿನ್ ಅಥವಾ ಪಾಲಿಮಿಕ್ಸಿನ್ ಬಿ ಅಂದರೆ ಕೊನೆಯ ಸಾಲಿನ ಔಷಧ. ಕಿಡ್ನಿಗೆ ಪೆಟ್ಟಾಗಬಹುದು, ಆದ್ದರಿಂದ ಕಿಡ್ನಿಯ ಸ್ಥಿತಿ ತೋರಿಸುವ ರಕ್ತಪರೀಕ್ಷೆಯ ಕ್ರಿಯಾಟಿನಿನ್ ಎಷ್ಟು, ಮೂತ್ರ ಎಷ್ಟು ಅಂತ ದಿನಾ ವಿಚಾರಿಸಿ. ಇದೇ ಕೊಲಿಸ್ಟಿನ್ ಅನ್ನು ಕೋಳಿಗಳ ಮೇವಿಗೆ ಸೇರಿಸುವುದು 2019ರವರೆಗೂ ನಮ್ಮ ದೇಶದಲ್ಲಿ ನಡೆದಿತ್ತು. ಆ ವರ್ಷ ಕೇಂದ್ರ ಸರ್ಕಾರ ನಿಷೇಧಿಸಿತು.

ರೋಗಿಯನ್ನು ಬೇರೆ ಕೋಣೆಗೆ ಹಾಕಿ ಬಾಗಿಲಿಗೆ ಬೋರ್ಡು ತಗುಲಿಸಿದರೆ ಅವಮಾನ ಅಂತ ತಿಳಿಯಬೇಡಿ. ಗೌನ್, ಗ್ಲೌಸ್ ಹಾಕಿಸುವುದು ಬೇರೆ ರೋಗಿಗಳಿಗೆ ಹರಡದಿರಲಿ ಅಂತ. ಆರೋಗ್ಯವಂತರಿಗೆ ಇದರಿಂದ ಅಪಾಯ ಕಡಿಮೆ, ಕೈ ಹಿಡಿದು ಮಾತಾಡಿಸಬಹುದು. ಡಯಾಲಿಸಿಸ್‌ನವರು, ಕೀಮೋ ತಗೊಳ್ಳುತ್ತಿರುವವರು, ಎಳೆಗೂಸು ಮಾತ್ರ ಹತ್ತಿರ ಬರುವುದು ಬೇಡ. ಗೌನನ್ನು ಒಳಗೇ ಬಿಚ್ಚಿ ಹಾಕಿ; ಅದನ್ನೇ ತೊಟ್ಟು ಕ್ಯಾಂಟೀನಿಗೆ ಹೋದವರನ್ನೂ ಕಂಡಿದ್ದೇನೆ.

ಹಂತ 8: ಬೇರೆ ಆಸ್ಪತ್ರೆಗೆ ಒಯ್ಯುವಾಗ

2008ರಲ್ಲಿ ಸ್ವೀಡನ್‌ನಲ್ಲಿ ಭಾರತ ಮೂಲದ ರೋಗಿಯೊಬ್ಬರ ಮೂತ್ರದಲ್ಲಿ ಯಾವ ದೊಡ್ಡ ಔಷಧಕ್ಕೂ ಸುಲಭಕ್ಕೆ ಬಗ್ಗದ ಕ್ಲೆಬ್ಸಿಯೆಲ್ಲಾ ಸಿಕ್ಕಿತು. ಅವರು ಅದಕ್ಕೆ ಮುಂಚೆ ದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದರು. ಔಷಧವನ್ನು ಮುರಿದುಹಾಕುವ ಅದರ ಕಿಣ್ವಕ್ಕೆ ಎನ್‌ಡಿಎಂ-1 ಅಂತ ದೆಹಲಿಯ ಹೆಸರೇ ಬಿತ್ತು, ಇಲ್ಲಿ ದೊಡ್ಡ ಗಲಾಟೆಯೂ ಆಯಿತು. ಹೆಸರಿನ ಜಗಳ ಏನೇ ಇರಲಿ, ಬ್ಯಾಕ್ಟೀರಿಯಾ ರೋಗಿಯ ಜೊತೆ ಖಂಡ ದಾಟುತ್ತದೆ ಅನ್ನುವುದಂತೂ ನಿಜ. ಕಲಬುರಗಿಯಿಂದ ಬೆಂಗಳೂರಿಗೆ ಆಂಬ್ಯುಲೆನ್ಸಿನಲ್ಲಿ ಬರುವುದು ಅದಕ್ಕೆ ಯಾವ ದೂರ?

ಆದ್ದರಿಂದ ಹೊರಡುವ ಮುಂಚೆ ಎಲ್ಲ ಕಲ್ಚರ್ ರಿಪೋರ್ಟುಗಳ ಪ್ರತಿ, ಕೊಟ್ಟ ಆ್ಯಂಟಿಬಯೋಟಿಕ್‌ಗಳ ಹೆಸರು ಮತ್ತು ದಿನ, ಯಾವ ಪೈಪು ಯಾವತ್ತು ಹಾಕಿದ್ದು, ಇಷ್ಟನ್ನು ಬರೆಸಿಕೊಳ್ಳಿ. ಬರಬೇಕಾದ ರಿಪೋರ್ಟು ಇದ್ದರೆ ಲ್ಯಾಬಿನ ಫೋನ್ ನಂಬರ್ ತಗೊಳ್ಳಿ. ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ರೋಗಿಯ ಕಡೆಯವರು ಕೇಳಿದರೆ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು. ಹೊಸ ಆಸ್ಪತ್ರೆಯಲ್ಲಿ ಮೊದಲು ಸಿಕ್ಕ ಡಾಕ್ಟರಿಗೇ ಅದನ್ನು ತೋರಿಸಿ.

ಹಂತ 9: ಮನೆಗೆ ಬಂದ ಮೇಲೆ

ಮನೆಯನ್ನು ಫಿನಾಯಿಲ್‌ನಲ್ಲಿ ಮುಳುಗಿಸಬೇಕಿಲ್ಲ, ತಟ್ಟೆ ಲೋಟ ಬೇರೆ ಮಾಡಬೇಕಿಲ್ಲ. ಟವೆಲ್ ಬೇರೆ ಇರಲಿ, ಕಕ್ಕಸಿಗೆ ಹೋಗಿ ಬಂದ ಮೇಲೆ, ಊಟಕ್ಕೆ ಮುಂಚೆ ಎಲ್ಲರೂ ಸೋಪಿನಿಂದ ಕೈ ತೊಳೆಯಲಿ. ಕೊಳೆಯಾದ ಬಟ್ಟೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಗಾಯಕ್ಕೆ ಅರಿಶಿನ, ಎಣ್ಣೆ, ಸೊಪ್ಪಿನ ರಸ ಬೇಡ. ಆ್ಯಂಟಿಬಯೋಟಿಕ್ ಮುಗಿದ ಕೆಲವು ವಾರದೊಳಗೆ ನೀರಿನಂಥ ಭೇದಿ ಶುರುವಾದರೆ, ಭೇದಿ ನಿಲ್ಲುವ ಮಾತ್ರೆ ನುಂಗದೆ ಡಾಕ್ಟರಿಗೆ ತೋರಿಸಿ.

ಉಳಿದ ಮಾತ್ರೆ ಡಬ್ಬಿಯಲ್ಲಿ ಕೂಡಿಡಬೇಡಿ. ಮುಂದಿನ ಸಲ ನೆಗಡಿಗೆ ಅದೇ ಶೀಟು ತೋರಿಸಿ ಅಂಗಡಿಯಲ್ಲಿ ಕೇಳಬೇಡಿ. ಔಷಧದ ಶೀಟಿನ ಎಡಗಡೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಮಾರುವಂತಿಲ್ಲ. ಸರ್ಕಾರದ ಎಚ್1 ಎಂಬ ಪಟ್ಟಿಯಲ್ಲಿರುವ ಪ್ರಬಲ ಆ್ಯಂಟಿಬಯೋಟಿಕ್‌ಗಳ ಮಾರಾಟವನ್ನಂತೂ 2014ರ ಮಾರ್ಚ್‌ನಿಂದ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಬರೆಯದೆ ಕೊಡುವವರು ಇದ್ದಾರೆ. ಅವರು ನಿಮಗೆ ಮಾಡುತ್ತಿರುವುದು ಉಪಕಾರ ಅಲ್ಲ.

ಹಟಮಾರಿ ಬ್ಯಾಕ್ಟೀರಿಯಾ ಕರುಳಿನಲ್ಲಿ ತಿಂಗಳುಗಟ್ಟಲೆ ತೆಪ್ಪಗೆ ಇರಬಹುದು. ಅದಕ್ಕೆ ಔಷಧ ಬೇಕಿಲ್ಲ, ನೆನಪು ಬೇಕು. ಆಧಾರ್ ಕಾರ್ಡಿನ ಜೊತೆ ಒಂದು ಗಟ್ಟಿ ಕಾಗದ ಇಟ್ಟುಕೊಳ್ಳಿ. ಅದರಲ್ಲಿ ಬ್ಯಾಕ್ಟೀರಿಯಾದ ಹೆಸರು, ಸಿಕ್ಕ ಜಾಗ, ತಿಂಗಳು ಮತ್ತು ವರ್ಷ, ಬಗ್ಗಿದ ಔಷಧ, ಅಲರ್ಜಿ ಆದ ಔಷಧ ಬರೆಯಿರಿ. ಮುಂದೆ ಯಾವಾಗಲಾದರೂ ಅಡ್ಮಿಟ್ ಆಗಬೇಕಾಗಿ ಬಂದರೆ, ಕೌಂಟರಿನಲ್ಲಿ ಆಧಾರ್ ಕೇಳುತ್ತಾರಲ್ಲ, ಆಗ ಇದನ್ನೂ ಜೊತೆಗೇ ತೆಗೆದು ಕೊಡಿ.